ಕುಕ್‌ರಿಡ್ಜಿನ ಹುತ್ತ

ಅಂತ್ಯಕ್ರಿಯೆಗೆ ಬಂದಿದ್ದ ಕೊನೆಯ ನೆಂಟರು ಸೋಮವಾರ ಹೊರಟುಹೋದರು. ಮಂಗಳವಾರ ಕಸದ ಬಿನ್ ಹೊರಗಿಡುವ ದಿನ. ಅದು ನನ್ನ ಗಂಡ ಜಿತೇಶನ ಕೆಲಸವಾಗಿತ್ತು. ನೈಟಿಯ ಮೇಲೆ ಅವನ ಜಾಕೆಟ್ ಹಾಕಿಕೊಂಡು ಹಸಿರು ಬಿನ್ನನ್ನು ಗೇಟಿನವರೆಗೆ ಎಳೆದುಕೊಂಡು ಹೋದೆ. ಬೀದಿಯುದ್ದಕ್ಕೂ ಕಪ್ಪು ಬಿನ್‌ಗಳು ನಿಂತಿದ್ದವು.

"ಈ ವಾರ ಕಪ್ಪು, ಲವ್," ಎಂದರು ಬೇಲಿಯ ಆಚೆಯಿಂದ ಮಿಸ್ಟರ್ ಸಗ್ಡನ್.

ಕುಕ್‌ರಿಡ್ಜಿನಲ್ಲಿ ಸಗ್ಡನ್ ನಮ್ಮ ಪಕ್ಕದ ಮನೆಯವರು. ಎಪ್ಪತ್ತೆಂಟು ವರ್ಷ; ಎಲ್ಲ ಹೆಂಗಸರೂ ಅವರಿಗೆ 'ಲವ್'. ಲೀಡ್ಸ್ ಕೌನ್ಸಿಲ್ಲಿನ ಪಾರ್ಕುಗಳಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದವರು. ಅವರ ಹಿತ್ತಲಿನ ಲಾನ್ ಇಸ್ತ್ರಿ ಮಾಡಿಟ್ಟ ಹಾಗಿರುತ್ತದೆ. ನಮ್ಮ ಲಾನಿನಲ್ಲಿ ಹನ್ನೊಂದು ಮಣ್ಣಿನ ಗುಡ್ಡೆಗಳಿದ್ದವು.

"ಅವಸರ ಏನಿಲ್ಲ," ಎಂದರು, ಅವಸರವಿರುವವರ ದನಿಯಲ್ಲಿ. "ಜಿಟ್ ನನ್ನ ಹತ್ತಿರ ನಾಲ್ಕು ಟ್ರ್ಯಾಪ್ ತಗೊಂಡಿದ್ದ. ಮೋಲ್ ಹಿಡಿಯೋಕೆ. ಅದೀಗ ನನ್ನ ಕಡೆ ಬಂದಿದೆ. ನಿನ್ನೆ ಒಂದು ಗುಡ್ಡೆ ಇತ್ತು, ಇವತ್ತು ಎರಡಾಗಿವೆ."

"ಎಲ್ಲಿವೆ?"

"ಗುಡ್ಡೆಗಳಾ?"

"ಟ್ರ್ಯಾಪ್‌ಗಳು."

ಅವರು ನಮ್ಮ ಲಾನಿನತ್ತ ಗಲ್ಲ ತೋರಿಸಿದರು. "ನೆಲದೊಳಗೆ. ಸುರಂಗದಲ್ಲಿ ಇಟ್ಟು ಮೇಲೆ ಹುಲ್ಲು ಮುಚ್ಚಬೇಕು. ಗುರುತಿಗೆ ಕಡ್ಡಿ ನೆಡು ಅಂದಿದ್ದೆ. ನೆಟ್ಟಿದ್ದ, ಐಸ್‌ಕ್ರೀಮ್ ಕಡ್ಡಿಗಳನ್ನ."

ಆ ಕಡ್ಡಿಗಳನ್ನು ನಾನು ನೋಡಿದ್ದೆ. ಅಂತ್ಯಕ್ರಿಯೆಯ ದಿನ ಬಂದಿದ್ದ ಮಕ್ಕಳು ಅವನ್ನು ಕಿತ್ತು ಕತ್ತಿವರಸೆ ಆಡಿದ್ದರು.

ಮೋಲ್ ಅಂದರೆ ಅಂಗೈ ಅಗಲದ ಪ್ರಾಣಿ. ಕಪ್ಪು ಮಖಮಲ್ಲಿನಂಥ ಮೈ, ಸಲಿಕೆಯಂಥ ಮುಂಗಾಲು. ಎರೆಹುಳುವಿಗಾಗಿ ನೆಲದಡಿ ಸುರಂಗ ಕೊರೆದು, ಬೇಡದ ಮಣ್ಣನ್ನು ಮೇಲಕ್ಕೆ ತಳ್ಳುತ್ತದೆ. ಜನವರಿಯಿಂದ ಜಿತೇಶ್ ಅದರ ಹಿಂದೆ ಬಿದ್ದಿದ್ದ. ಬೆಳ್ಳುಳ್ಳಿ ಜಜ್ಜಿ ಹಾಕಿದ. ಹರಳೆಣ್ಣೆ ಸುರಿದ. ನುಸಿಗುಳಿಗೆ ಉರುಳಿಸಿದ. ಒಂದು ಭಾನುವಾರ ತನ್ನ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಲದೊಳಗೆ ಇಳಿಸಿ ಅದರಲ್ಲಿ ಅರ್ಧ ಗಂಟೆ ಚೆಂಡೆಯ ಸದ್ದು ಹಾಕಿದ. ಮರುದಿನ ಹೊಸದಾಗಿ ಎರಡು ಗುಡ್ಡೆ ಎದ್ದಿದ್ದವು. "ರಸಿಕ," ಎಂದ ಜಿತೇಶ್.

ಟ್ರ್ಯಾಪ್ ವಿಷಯ ಮಾತ್ರ ನನಗೆ ಹೇಳಿರಲಿಲ್ಲ.

ನಾನು ತಲೆಯೆತ್ತಿ ನೋಡಿದೆ. ಮಹಡಿಯ ಕಿಟಕಿಯಲ್ಲಿ ಅತ್ತೆ ನಿಂತಿದ್ದರು.

ಲೀಲಾಕ್ಷಿ ಅತ್ತೆ ಮಂಗಳೂರಿನಿಂದ ಬಂದು ಎರಡು ವಾರವಾಗಿತ್ತು. ಬಂದ ಮಧ್ಯಾಹ್ನವೇ ಅಡುಗೆಮನೆಯ ಕಿಟಕಿಯಿಂದ ಹೊರಗೆ ನೋಡಿ ಎದೆಗೆ ಕೈ ಇಟ್ಟುಕೊಂಡಿದ್ದರು.

"ಇಷ್ಟು ಹುತ್ತ ಉಂಟಲ್ಲ ಮಾರಾಯ್ತಿ!"

"ಹುತ್ತ ಅಲ್ಲ ಅತ್ತೆ. ಮೋಲ್ ಅಂತ ಒಂದು ಪ್ರಾಣಿ."

"ನೀನು ನೋಡಿದ್ದೀಯಾ?"

"ಇಲ್ಲ."

"ಜಿತ್ತು?"

"ಇಲ್ಲ."

"ಯಾರೂ ನೋಡ್ಲಿಲ್ಲ. ಮತ್ತೆ ಒಳಗೆ ಇರುವುದು ಎಂತ ಅಂತ ನಿಮಗೆ ಹೇಗೆ ಗೊತ್ತು?"

ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು.

ಆಮೇಲೆ ಅವರು ದನಿ ತಗ್ಗಿಸಿ ಕೇಳಿದರು: "ಅವ ಅದಕ್ಕೆ ಕೈ ಹಾಕಿದ್ದನಾ?"

ಅವರ ಕಡೆ ಹುತ್ತವೆಂದರೆ ನಾಗನ ಮನೆ. ಅಗೆದವರನ್ನು ನಾಗ ಸುಮ್ಮನೆ ಬಿಡುವುದಿಲ್ಲ. ಮೂವತ್ತಾರು ವರ್ಷದ ಮಗ ಬಸ್ ಸ್ಟಾಪಿನಲ್ಲಿ ಕುಸಿದುಬಿದ್ದದ್ದಕ್ಕೆ ಡಾಕ್ಟರು ಒಂದು ಕಾರಣ ಬರೆದುಕೊಟ್ಟಿದ್ದರು. ಅತ್ತೆ ಇನ್ನೊಂದನ್ನು ಹುಡುಕುತ್ತಿದ್ದರು. ನಾನು ಹೌದು ಎಂದರೆ, ಮಗ ತನ್ನ ತಪ್ಪಿನಿಂದಲೇ ಹೋದ ಎನ್ನುವುದನ್ನು ಇನ್ನಿರುವಷ್ಟು ದಿನ ಹೊತ್ತು ತಿರುಗುತ್ತಿದ್ದರು.

"ಮುಟ್ಟಿಯೇ ಇಲ್ಲ ಅತ್ತೆ," ಎಂದಿದ್ದೆ.

ದಹನ ತಡವಾಗಿ ಆದದ್ದರಿಂದ ಸೂತಕ ಕಳೆಯುವುದು ಬರುವ ಸೋಮವಾರ. ಅಂದು ಅತ್ತೆ ಪ್ರತಿಯೊಂದು ಗುಡ್ಡೆಯ ಸುತ್ತ ಕೈಯಾರೆ ಹುಲ್ಲು ಕಿತ್ತು, ಚೊಕ್ಕ ಮಾಡಿ, ತನು, ಅಂದರೆ ನಾಗನಿಗೆ ಹಾಲು ಮತ್ತು ಎಳನೀರು, ಎರೆಯುವವರಿದ್ದರು. ಎಳನೀರು ಆಗಲೇ ಪೊಟ್ಟಣದಲ್ಲಿ ಬಂದು ಫ್ರಿಜ್ಜಿನಲ್ಲಿ ಕೂತಿತ್ತು. ಅವರ ಕೈಗೆ ಕಬ್ಬಿಣ ತಗಲುವ ಮೊದಲು ನಾನು ನಾಲ್ಕನ್ನೂ ಎತ್ತಬೇಕಾಗಿತ್ತು.

ಸಗ್ಡನ್‌ಗೆ ಎಲ್ಲವನ್ನೂ ಹೇಳಿದೆ. ಅವರು ಟೋಪಿಯೊಳಗೆ ಬೆರಳು ತೂರಿಸಿ ತಲೆ ಕೆರೆದುಕೊಂಡರು.

"ಹಾವು?"

"ಹಾವು."

"ಕುಕ್‌ರಿಡ್ಜಿನಲ್ಲಿ?"

"ಹೂಂ."

"ಅವನ ಅಮ್ಮ ಮನೆಯಿಂದ ಹೊರಗೆ ಹೋಗೋದು ಯಾವಾಗ?"

"ಹೋಗೋದೇ ಇಲ್ಲ. ಸೂತಕ."

"ಸ್ನಾನ?"

ಬುಧವಾರ ಅತ್ತೆ ತಲೆಗೆ ನೀರು ಹಾಕಿಕೊಳ್ಳುವ ದಿನ. ನಲವತ್ತು ನಿಮಿಷ ಬೇಕು. ಬಿಸಿನೀರು ಹರಿಯುತ್ತಿರುವಷ್ಟು ಹೊತ್ತು ಬಾಯ್ಲರಿನ ಕೊಳವೆಯಿಂದ ಹೊರಗೋಡೆಯ ಮೇಲೆ ಬಿಳಿ ಹಬೆ ಬರುತ್ತದೆ. ಹಬೆ ನಿಂತರೆ ಓಡುವುದು ಎಂದು ತೀರ್ಮಾನವಾಯಿತು. ಸಗ್ಡನ್ ಹೀಗೆ ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ.

ಮರುದಿನ ಹಬೆ ಬಂತು. ಸಗ್ಡನ್ ಮಂಡಿಗೆ ದಿಂಬು ಕಟ್ಟಿಕೊಂಡು, ಕೈಯಲ್ಲಿ ಸಪೂರ ಸರಳು ಹಿಡಿದು ಬೇಲಿಯ ಸಂದಿಯಿಂದ ನುಸುಳಿದರು. ಎರಡು ಗುಡ್ಡೆಗಳ ನಡುವೆ ಸರಳು ಚುಚ್ಚುತ್ತ ಹೋದರು. ಗಟ್ಟಿ, ಗಟ್ಟಿ, ಗಟ್ಟಿ. ಒಂದು ಕಡೆ ಸರಳು ಬೆಣ್ಣೆಯೊಳಗೆ ಹೋದಂತೆ ಇಳಿಯಿತು.

"ಸುರಂಗ," ಎಂದು ಪಿಸುಗುಟ್ಟಿದರು.

"ಯಾಕೆ ಪಿಸುಮಾತು?"

"ಮೋಲಿಗೆ ಕಿವಿ ಚುರುಕು."

ಮೊದಲನೆಯ ಟ್ರ್ಯಾಪ್ ಖಾಲಿ. ಎರಡನೆಯದೂ ಖಾಲಿ. ಮೂರನೆಯದರ ಸ್ಪ್ರಿಂಗ್ ಬಿಗಿದುಕೊಂಡಿತ್ತು. ಸಗ್ಡನ್ ಮಣ್ಣು ಕೊಡವಿ ಬೆಳಕಿಗೆ ಹಿಡಿದರು. ಅದರ ಬಾಯಲ್ಲಿ ಹಳದಿ ರಬ್ಬರಿನ ಒಂದು ಹೆಬ್ಬೆರಳಿತ್ತು.

ಫೆಬ್ರವರಿಯಲ್ಲಿ ಒಂದು ಸಂಜೆ ಜಿತೇಶ್ ಎಡಗೈ ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದ. ಈರುಳ್ಳಿ ಹೆಚ್ಚುವಾಗ ಆಯಿತು ಎಂದಿದ್ದ. ಅವನು ಎಂದೂ ಈರುಳ್ಳಿ ಹೆಚ್ಚಿದವನಲ್ಲ. ಅಂದಿನಿಂದ ಸಿಂಕಿನ ಬಳಿಯ ಗ್ಲೌಸಿಗೆ ಒಂದು ಬೆರಳಿಲ್ಲ. ಅದಕ್ಕೆ ಅಂಗಡಿಯವರನ್ನು ಬೈದಿದ್ದ.

"ಗೊತ್ತಾಯ್ತು!" ಎಂದರು ಸಗ್ಡನ್. "ಆವತ್ತು ಇಲ್ಲಿಂದ ಏನೋ ಕಿರುಚಾಟ ಕೇಳಿಸ್ತು. ಏನಾಯ್ತೋ ಅಂತ ಕೂಗಿದೆ. ಹಾಡ್ತಾ ಇದ್ದೀನಿ ಅಂದ."

ನನಗೆ ನಗು ಬಂತು. ಮೂರು ವಾರಗಳಿಂದ ನಾನು ಅತ್ತಿರಲಿಲ್ಲ, ಎಲ್ಲರೂ ಅದನ್ನು ಗಮನಿಸಿದ್ದರು. ನಕ್ಕೂ ಇರಲಿಲ್ಲ, ಅದನ್ನು ಯಾರೂ ಗಮನಿಸಿರಲಿಲ್ಲ. ಒದ್ದೆ ಹುಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸಗ್ಡನ್ ನಗುತ್ತಲೇ ನಾಲ್ಕನೆಯದಕ್ಕೆ ಕೈ ಇಳಿಸಿದರು. ಕೊಳವೆಯ ಕಡೆ ಇಬ್ಬರೂ ನೋಡಲಿಲ್ಲ.

"ಎಂತ ಅದು?"

ಹಿತ್ತಲ ಮೆಟ್ಟಿಲ ಮೇಲೆ ಅತ್ತೆ, ತಲೆಗೆ ಟವೆಲ್ ಸುತ್ತಿಕೊಂಡು. ಸಗ್ಡನ್ ಮೊಣಕೈವರೆಗೆ ಹುತ್ತದೊಳಗಿದ್ದರು.

ಸಗ್ಡನ್ ನನ್ನನ್ನು ನೋಡಿದರು. ಆಮೇಲೆ ತುಟಿ ಅಲ್ಲಾಡಿಸದೆ, "ನಾನೇ ಇಟ್ಟದ್ದು ಅಂತ ಹೇಳು," ಎಂದರು.

"ಅವರದ್ದಂತೆ ಅತ್ತೆ. ಅವರೇ ಇಟ್ಟದ್ದಂತೆ."

"ನಮ್ಮ ಜಾಗದಲ್ಲಿ?"

ಕೇಳಿದೆ. ಸಗ್ಡನ್ ಯೋಚಿಸಿದರು. "ಈ ಬೇಲಿ ಒಂದು ಅಂದಾಜಿನದು ಅಂತ ಹೇಳು."

"ಜಿತ್ತುವಿಗೆ ಗೊತ್ತಿತ್ತಾ ಕೇಳು."

ನಾನು ಕೇಳುವ ಗೋಜಿಗೇ ಹೋಗಲಿಲ್ಲ. "ಗೊತ್ತಿರಲಿಲ್ಲವಂತೆ."

ಅತ್ತೆ ಮೆಟ್ಟಿಲಿಳಿದು ಬಂದು ಸಗ್ಡನ್‌ರನ್ನು ತುಳುವಿನಲ್ಲಿ ಬೈದರು. ನಾನು ಮೈಸೂರಿನವಳು. ನನಗೆ ಅರ್ಧ ಅರ್ಥವಾಯಿತು, ಅಷ್ಟೇ ಸಾಕಿತ್ತು. ಸಗ್ಡನ್ ಟೋಪಿ ತೆಗೆದು, ತಲೆ ತಗ್ಗಿಸಿ, ಉಸಿರು ತೆಗೆದುಕೊಳ್ಳಲು ಅತ್ತೆ ನಿಲ್ಲಿಸಿದಾಗಲೆಲ್ಲ "ಯೆಸ್, ಮ್ಯಾಡಮ್" ಎಂದರು. ಕೊನೆಗೆ ಅತ್ತೆ ನನ್ನ ಕಡೆ ತಿರುಗಿದರು.

"ಸೋಮವಾರದವರೆಗೆ ಇದನ್ನು ಹೀಗೇ ಬಿಡ್ಲಿಕ್ಕೆ ಆಗುವುದಿಲ್ಲ. ಸೂತಕ ನಮಗೆ. ಅವರಿಗೆ ಇಲ್ಲವಲ್ಲ? ಕೈ ಹಾಕಿದವರೇ ತನು ಎರೆಯಲಿ. ನಾಳೆ ಬೆಳಿಗ್ಗೆ. ಸ್ನಾನ ಮಾಡಿ, ಬರಿಗಾಲಲ್ಲಿ. ಮೀನು ಮಾಂಸ ಮುಟ್ಟಬಾರದು ಅಂತ ಹೇಳು."

ಹೇಳಿದೆ.

"ಬೇಕನ್ ತಿನ್ನಬಹುದಾ?" ಎಂದರು ಸಗ್ಡನ್.

"ಬೇಕನ್ ಅಂದರೆ ಎಂತ?" ಎಂದರು ಅತ್ತೆ.

"ಹಂದಿ."

ಅತ್ತೆ ಕಣ್ಣು ಮುಚ್ಚಿಕೊಂಡರು.

ಗುರುವಾರ ಬೆಳಿಗ್ಗೆ ಹೊರಗೆ ನಾಲ್ಕು ಡಿಗ್ರಿ. ಸಗ್ಡನ್ ಅಂತ್ಯಕ್ರಿಯೆಗೆ ತೊಟ್ಟಿದ್ದ ಕಪ್ಪು ಸೂಟನ್ನೇ ತೊಟ್ಟು, ಒದ್ದೆ ತಲೆ ಬಾಚಿಕೊಂಡು, ಪ್ಯಾಂಟನ್ನು ಮಂಡಿಯವರೆಗೆ ಮಡಚಿಕೊಂಡು ಬಂದರು. ಪಾದಗಳು ಮೂಲಂಗಿಯ ಹಾಗೆ ಬೆಳ್ಳಗಿದ್ದವು. ತಮ್ಮದೇ ಗಾಜಿನ ಜಗ್ ತಂದಿದ್ದರು. ಅವರ ಮನೆಯ ಹಾಲು, ನಮ್ಮ ಪೊಟ್ಟಣದ ಎಳನೀರು.

ಅತ್ತೆ ಮೆಟ್ಟಿಲ ಮೇಲೆ ನಿಂತು ಆಜ್ಞೆ ಕೊಟ್ಟರು. ನಾನು ನಡುವೆ ನಿಂತು ಅನುವಾದಿಸಿದೆ.

"ಅಷ್ಟು ಮೇಲಿಂದ ಎರೆಯುವುದಾ? ಗಿಡಕ್ಕೆ ನೀರು ಹಾಕಿದ ಹಾಗೆ! ಬಗ್ಗಲಿಕ್ಕೆ ಹೇಳು."

"ಬಗ್ಗಬೇಕಂತೆ."

"ಬಗ್ಗಿದರೆ ಏಳೋದು ಕಷ್ಟ ಲವ್."

"ಬಗ್ಗಿದರೆ ಏಳೋಕೆ ಆಗಲ್ಲವಂತೆ."

"ನಾಗನಿಗೆ ಕಬ್ಬಿಣ ಇಡುವಾಗ ಆಗ್ತಿತ್ತಾ?"

ಸಗ್ಡನ್ ಬಗ್ಗಿದರು. ಹನ್ನೊಂದು ಗುಡ್ಡೆ ಮುಗಿಸಿದರು. ಆಮೇಲೆ ಅತ್ತೆಯ ಬೆರಳು ಬೇಲಿಯ ಆಚೆ ತೋರಿಸಿತು. ಅಲ್ಲಿನ ಎರಡಕ್ಕೂ ಎರೆದರು. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದರೂ, "ಇದರಿಂದ ಅದು ಹೋಗುತ್ತಾ, ಕೇಳು," ಎಂದರು.

"ಹೋಗುವುದು ಎಂತಕ್ಕೆ? ಅದರ ಮನೆ ಅಲ್ವಾ?" ಎಂದರು ಅತ್ತೆ. "ಬೇಕಾದರೆ ಮರ್ಯಾದೆಯಲ್ಲಿ ಕೇಳಿ ನೋಡ್ಲಿ."

ಸಗ್ಡನ್ ತಮ್ಮ ಲಾನಿನ ಗುಡ್ಡೆಯ ಕಡೆ ಬಾಗಿ ಏನೋ ಹೇಳಿದರು. ಬಹಳ ಹೊತ್ತು ಹೇಳಿದರು. ಆಮೇಲೆ ಕಾಲು ಬೆಚ್ಚಗೆ ಮಾಡಿಕೊಳ್ಳಲು ಮನೆಗೆ ಓಡಿದರು.

ನೆಲದಿಂದ ಎತ್ತಿದ ನಾಲ್ಕೂ ಟ್ರ್ಯಾಪ್‌ಗಳು ನಮ್ಮ ಅಡುಗೆಮನೆಯಲ್ಲೇ ಉಳಿದವು, ಹಿತ್ತಲ ಬಾಗಿಲ ಬಳಿ, ಹಳೆಯ ಪೇಪರಿನ ಮೇಲೆ. ಅತ್ತೆ ಸಿಂಕಿನಲ್ಲಿ ಜಗ್ ತೊಳೆಯುತ್ತಿದ್ದರು.

"ಒಳ್ಳೆಯ ಅಜ್ಜ," ಎಂದರು. "ಸುಳ್ಳು ಹೇಳುವಾಗ ಕಿವಿ ಕೆಂಪಾಗ್ತದೆ ಅವರದ್ದು. ನಿನ್ನದು ಆಗುವುದಿಲ್ಲ. ನೀನು ಚಂದ ಹೇಳ್ತೀ."

ಅವರು ಎಡಗೈ ಎತ್ತಿದರು. ಹಳದಿ ಗ್ಲೌಸಿನ ಹರಿದ ತುದಿಯಿಂದ ಅವರ ಹೆಬ್ಬೆರಳು ಹೊರಗಿತ್ತು. ಎರಡು ವಾರದಿಂದ ಹಾಗೇ ಪಾತ್ರೆ ತೊಳೆಯುತ್ತಿದ್ದರು.

"ಅತ್ತೆ, ನಾನು..."

"ತಡಿ." ಅವರು ಕೂತು, ಮೂರನೆಯ ಟ್ರ್ಯಾಪನ್ನು ಪೇಪರಿನ ಸಮೇತ ಹತ್ತಿರಕ್ಕೆ ಎಳೆದುಕೊಂಡರು. ಅದನ್ನು ನೋಡುತ್ತ ಇದ್ದರು. "ಬೆರಳಿಗೆ ತುಂಬ ಪೆಟ್ಟಾಗಿತ್ತಾ?"

"ಒಂದು ವಾರ ಪಟ್ಟಿ ಇತ್ತು."

"ಉಗುರು?"

"ಕಪ್ಪಾಗಿತ್ತು."

"ಹಾಗಾದರೆ ಅದು ಮುಗಿಯಿತು." ಅವರ ದನಿ ನ್ಯಾಯ ಹೇಳುವವರ ದನಿಯಾಗಿತ್ತು. "ಕೈ ಹಾಕಿದ, ಕೈಗೇ ಸಿಕ್ಕಿತು. ಒಂದು ತಪ್ಪಿಗೆ ನಾಗ ಎರಡೆರಡು ಸಲ ಕೊಡುವುದಿಲ್ಲ. ಬಸ್ ಸ್ಟಾಪಿನದ್ದು ಬೇರೆ. ಅದು ಡಾಕ್ಟರು ಹೇಳಿದ್ದೇ."

ಎರಡು ವಾರದಲ್ಲಿ ಮೊದಲ ಸಲ ಅವರು ಬೆನ್ನನ್ನು ಕುರ್ಚಿಗೆ ಒರಗಿಸಿದರು. ನನ್ನ ಮೂಗು ಸೋರತೊಡಗಿತು, ಆಮೇಲೆ ಕಣ್ಣು. ಅತ್ತೆ ಟೀ ಟವೆಲ್ ಎಸೆದರು.

"ಮತ್ತೆ ಅತ್ತರಾಯಿತು. ಮೊದಲು ಇದನ್ನು ಕೊಟ್ಟು ಬಾ. ಬೇರೆಯವರ ಸಾಮಾನು ಅವನ ಹೆಸರಿನಲ್ಲಿ ಇರುವುದು ಬೇಡ."

ನಾಲ್ಕನ್ನೂ ಪೇಪರಿನಲ್ಲಿ ಸುತ್ತಿಕೊಂಡು ಬೇಲಿಯ ಸಂದಿಯಿಂದ ದಾಟಿದೆ. ಸಗ್ಡನ್ ತಮ್ಮ ಶೆಡ್ಡಿನಲ್ಲಿದ್ದರು. ಸೂಟಿನ ಕೆಳಗೆ ಈಗ ಎರಡು ಜೊತೆ ಉಣ್ಣೆಯ ಕಾಲುಚೀಲ. ಬಾಯಲ್ಲಿ ಬೇಕನ್ ಸ್ಯಾಂಡ್‌ವಿಚ್. ನನ್ನನ್ನು ಕಂಡು ಅದನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

"ಈಗ ತಿನ್ನಬಹುದು," ಎಂದೆ.

ಅವರು ಸ್ಕ್ರೂಡ್ರೈವರ್ ತೂರಿಸಿ ಸ್ಪ್ರಿಂಗ್ ಸಡಿಲಿಸಿ ರಬ್ಬರಿನ ಹೆಬ್ಬೆರಳನ್ನು ಬಿಡಿಸಿದರು. ನನ್ನ ಅಂಗೈಯಲ್ಲಿಟ್ಟರು.

"ಇವತ್ತೇ ಇಡ್ತೀರಾ ಟ್ರ್ಯಾಪ್?"

"ಈಸ್ಟರ್‌ವರೆಗೆ ಇಡಲ್ಲ. ಮಾತು ಕೊಟ್ಟಿದ್ದೀನಿ."

"ಅತ್ತೆಗಾ?"

ಅವರು ಸ್ಯಾಂಡ್‌ವಿಚ್ ಹಿಡಿದ ಕೈಯಿಂದ ಲಾನಿನ ಕಡೆ ತೋರಿಸಿದರು.

ಶೆಡ್ಡಿನ ಗೋಡೆಯಲ್ಲಿ ನಾಲ್ಕು ಮೊಳೆಗಳು ಖಾಲಿಯಿದ್ದವು. ಮೂರಕ್ಕೆ ನಾನೇ ನೇತುಹಾಕಿದೆ. ನಾಲ್ಕನೆಯದು ಎತ್ತರದಲ್ಲಿತ್ತು. ಸಗ್ಡನ್ ಕಾಲಿನಿಂದಲೇ ಒಂದು ಸ್ಟೂಲನ್ನು ನನ್ನತ್ತ ತಳ್ಳಿದರು. ಹತ್ತಿ ನಿಂತು ಅದನ್ನೂ ನೇತುಹಾಕಿದೆ.