ಇಬ್ಬರ ಹೆಸರಿನ ಬೇಟೆಗಳು

ನನ್ನ ಅಜ್ಜ ಗವ್ರೀಲ್ ನಮ್ಮೂರ ಸುತ್ತಲಿನ ಕಲಿಮಾನ್ ಬೆಟ್ಟಗಳನ್ನು ದಾಟಿ ಬೇಟೆಗೆ ಹೋದವನಲ್ಲ. ಆದರೂ ಒಲೆಯ ಪಕ್ಕದ ಬೆಂಚಿನಲ್ಲಿ ಕೂತೇ ಅವನು ಸುತ್ತದ ಕಾಡಿರಲಿಲ್ಲ. ಕಮ್ಚಾಟ್ಕಾದ ಹೊಳೆಯಲ್ಲಿ ಮೀನು ಹಿಡಿಯುವ ಕರಡಿ, ತಿಯೆನ್ ಶಾನ್ ಬಂಡೆಗಳ ಮೇಲಿನ ಸುರುಳಿಗೊಂಬಿನ ಕಾಡುಕುರಿ, ನಾರ್ವೆಯ ಜೌಗುನೆಲದಲ್ಲಿ ಅಲೆಯುವ ಮೂಸ್ ಎಂಬ ದೈತ್ಯ ಜಿಂಕೆ. ಆ ಮೂಸ್ ಕುದುರೆಗಿಂತ ಎತ್ತರವಂತೆ, ಅದರ ಕೊಂಬು ಒಂದೊಂದೂ ಮೊರದಷ್ಟು ಅಗಲವಂತೆ. ಇಂಥ ಏಳು ಬೇಟೆಗಳನ್ನು ಅಜ್ಜನೂ ಅವನ ಗೆಳೆಯ ಸ್ಪಿರಿದೋನನೂ ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ, ಮರ ಕಡಿಯುವವರ ಗುಡಿಸಲಿನಲ್ಲಿ ಕೂತು ಆರಿಸಿಕೊಂಡಿದ್ದರು. ಆಗ ದೇಶದ ಗಡಿ ದಾಟುವುದೇ ಆಗದ ಕಾಲ. ಹೇಗೂ ಆಗದ್ದು ಎಂದು ಧಾರಾಳವಾಗಿಯೇ ಆರಿಸಿಕೊಂಡರು. ಷರತ್ತು ಒಂದೇ: ಹೋದರೆ ಇಬ್ಬರೂ ಹೋಗಬೇಕು.

ನನ್ನನ್ನು ಕಥೆ ಹೇಳಿ ಬೆಳೆಸಿದವಳು ಅಜ್ಜಿ ಪರಾಸ್ಕೀವಾ. ಅವಳ ಕಥೆಗಳಲ್ಲಿ ಬೇಟೆಗಾರ ಒಬ್ಬನೇ ಹೊರಟು, ಕೊಂಬಿನ ನಡುವೆ ನಕ್ಷತ್ರ ಹೊತ್ತ ಮೃಗದ ಹಿಂದೆ ಏಳು ಕಾಡು ಅಲೆಯುತ್ತಿದ್ದ. ಅಜ್ಜನ ಕಥೆಗಳಲ್ಲಿ ಮಾತ್ರ ಯಾವಾಗಲೂ ಇಬ್ಬರು. ಗುಟುರು ಹಾಕಿ ಮೃಗವನ್ನು ಕರೆಯುವವನೊಬ್ಬ, ಗುರಿ ಇಡುವವನೊಬ್ಬ. 'ನಾನೂ ಸ್ಪಿರಿದೋನನೂ' ಎಂದು ಶುರುವಾಗುತ್ತಿದ್ದ ಆ ಕಥೆಗಳು ನನ್ನ ಹನ್ನೊಂದನೆಯ ವಯಸ್ಸಿನಲ್ಲಿ ನಿಂತುಹೋದವು. ಆ ವರ್ಷ ಅಜ್ಜನ ಕಾಲು ಮುರಿದಿತ್ತು. ಸ್ಪಿರಿದೋನ್ ತನ್ನ ಸೋದರಳಿಯನ ಜೊತೆ ತಿಯೆನ್ ಶಾನ್‌ಗೆ ಹೋಗಿಬಿಟ್ಟ. ಹಿಂತಿರುಗಿದವನು ನಮ್ಮ ಗೇಟಿನವರೆಗೂ ಬಂದ. ಅಜ್ಜ ಬಾಗಿಲು ತೆಗೆಯಲಿಲ್ಲ. ಅಲ್ಲಿ ಏನು ಕಂಡೆ, ಏನು ಹೊಡೆದೆ ಎಂದು ಊರವರು ಕೇಳಿ ಕೇಳಿ ಸೋತರು. ಅವನೂ ಬಾಯಿ ಬಿಡಲಿಲ್ಲ. ಹನ್ನೆರಡು ವರ್ಷ ಹಾಗೆಯೇ ಕಳೆಯಿತು.

ಈ ಸೆಪ್ಟೆಂಬರಿನಲ್ಲಿ ನಾರ್ವೆಯಿಂದ ಕಾಗದ ಬಂತು. ಹಿಂದೊಮ್ಮೆ ನಮ್ಮ ಮನೆಯಲ್ಲಿ ಉಳಿದು, ಅಜ್ಜನ ಜೊತೆ ಕಾಡು ಸುತ್ತಿದ್ದ ಹಾಲ್ವಾರ್ ಎಂಬ ಬೇಟೆಗಾರ ಬರೆದಿದ್ದ. ನಿಮ್ಮ ಕಡವೆ ತೋರಿಸಿದಿರಿ, ಈಗ ಬಂದು ನಮ್ಮ ಮೂಸ್ ನೋಡಿ. ಅಕ್ಟೋಬರ್ ಇಪ್ಪತ್ತಕ್ಕೆ ಜಾಗ ಇಟ್ಟಿದ್ದೇನೆ. ನಮ್ಮಲ್ಲಿ ಇಬ್ಬಿಬ್ಬರಾಗಿಯೇ ಕೂರುವ ಪದ್ಧತಿ, ಜೊತೆಗಾರನ ಹೆಸರನ್ನು ಭಾನುವಾರದೊಳಗೆ ತಿಳಿಸಿ.

ಅಜ್ಜ ಕಾಗದವನ್ನು ನನ್ನಿಂದ ಮೂರು ಸಲ ಓದಿಸಿದ. ಆಮೇಲೆ, "ಬರಕ್ಕಾಗಲ್ಲ ಅಂತ ಬರೆದುಬಿಡು ಸಾವೀನಾ. ಮಂಡಿ ನೋವು" ಅಂದ.

ಅಜ್ಜಿ ಗಂಜಿ ತಿರುವುತ್ತಿದ್ದ ಕೋಲನ್ನು ಪಾತ್ರೆಯ ಅಂಚಿಗೆ ಕುಟ್ಟಿದಳು. "ಮಂಡಿ ನೋವಂತೆ! ನಿನ್ನೆ ಪ್ಲಮ್ ಮರದ ತುದೀಲಿ ಕೂತಿತ್ತಲ್ಲ, ಅದು ಯಾರ ಮಂಡಿ?"

"ನೀನು ಸುಮ್ನಿರೇ."

"ನಾನು ಬರ್ತೀನಿ ತಾತ, ನನ್ನ ಹೆಸರು ಬರಿ" ಅಂದೆ ನಾನು.

"ಎರಡು ನಿಮಿಷ ಬಾಯಿ ಮುಚ್ಕೊಂಡು ಕೂತಿದ್ದೀಯಾ ಯಾವತ್ತಾದ್ರೂ? ಮೂಸ್ ಬರೋದಿರಲಿ, ಸೊಳ್ಳೇನೂ ಬರಲ್ಲ ಮಗಳೇ." ಹೇಳುತ್ತ ನನ್ನ ತಲೆ ಸವರಿದ. ಕಾಗದವನ್ನು ಮಡಿಸಿ ಅಂಗಿಯ ಒಳಜೇಬಿಗೆ ಸೇರಿಸಿದ. ಅದನ್ನು ನೋಡಿ ನಾನು ಏನೂ ಬರೆಯಲಿಲ್ಲ.

ಶನಿವಾರ ಕಡವೆಗಳ ಎಣಿಕೆ. ಸೆಪ್ಟೆಂಬರ್ ಕೊನೆಯಲ್ಲಿ ಗಂಡು ಕಡವೆಗಳು ಬೆದೆಗೆ ಬಂದು ಗುಟುರು ಹಾಕುವಾಗ, ನಮ್ಮ ಬೇಟೆಗಾರರು ಕೋವಿ ಮನೆಯಲ್ಲಿಟ್ಟು, ಒಬ್ಬೊಬ್ಬರು ಒಂದೊಂದು ದಿಬ್ಬದಲ್ಲಿ ಕೂತು, ಕೇಳಿದ ದನಿಗಳನ್ನು ಚೀಟಿಯಲ್ಲಿ ಬರೆಯುತ್ತಾರೆ. ಸುಮ್ಮನಿರುವ ಮೃಗವನ್ನು ಕೆಣಕಲು ತಾವೇ ಗುಟುರು ಹಾಕುವುದೂ ಉಂಟು. ಪಕ್ಕದ ದಿಬ್ಬ ಯಾರ ಪಾಲಿಗೆ ಬಂದಿದೆ ಎಂದು ಅಜ್ಜ ಕಾಡಿನ ಕಾವಲುಗಾರನನ್ನು ಕೇಳಲಿಲ್ಲ. ಕೇಳಿದರೆ ಎಲ್ಲಿ ಆ ಹೆಸರು ಕಿವಿಗೆ ಬೀಳುತ್ತದೋ ಎಂದು ಅವನು ಹನ್ನೆರಡು ವರ್ಷದಿಂದಲೂ ಕೇಳುತ್ತಿರಲಿಲ್ಲ.

ಚೀಟಿ ಬರೆಯಲು ನಾನೂ ಅಜ್ಜನ ಜೊತೆ ದಿಬ್ಬ ಹತ್ತಿದ್ದೆ. ಬೆಳಕು ಹರಿದಾಗ ಸ್ಪ್ರೂಸ್ ಮರಗಳ ನಡುವೆ ಮಂಜು ಹಾಲಿನಂತೆ ನಿಂತಿತ್ತು. ಅಜ್ಜ ಹಳೆಯ ಲಾಟೀನಿನ ಗಾಜಿನ ಕೊಳವೆಯನ್ನು ಕಹಳೆಯಂತೆ ಬಾಯಿಗಿಟ್ಟು, ಹೊಟ್ಟೆಯಾಳದಿಂದ ಒಂದು ಗುಟುರು ಹಾಕಿದ. ಎದುರು ದಿಬ್ಬದಿಂದ ಕೂಡಲೇ ಉತ್ತರ ಬಂತು: ದಪ್ಪ ದನಿ, ಸೋಮಾರಿ ದನಿ, ಕೊನೆಯಲ್ಲೊಂದು ಕೆಮ್ಮು.

ಅಜ್ಜ ನನ್ನ ತೋಳು ಹಿಡಿದುಕೊಂಡ. "ಕೇಳಿದ್ಯಾ? ಎಳೇ ಗಂಡಾದ್ರೆ ಕಿರುಚಾಡುತ್ತೆ. ಇದು ಯಜಮಾನ. ಕೊಂಬಿಗೆ ಹದಿನಾರು ಕವಲಾದ್ರೂ ಇರುತ್ತೆ."

ಮತ್ತೆ ಕರೆದ. ಅದು ಮತ್ತೆ ಒದರಿತು, ಈ ಸಲ ಹತ್ತಿರದಿಂದ. ಅಜ್ಜ ಬಾಗಿ ಬಾಗಿ ಮುಂದೆ ಸರಿದ. ಬೂಟಿನಿಂದ ಕೊಂಬೆಗಳನ್ನು ಮುರಿದ, ಕೋಲಿನಿಂದ ಮರದ ತೊಗಟೆ ಕೆರೆದ. ಅತ್ತಲಿಂದಲೂ ಕೊಂಬೆ ಮುರಿಯುವ, ತೊಗಟೆ ಕೆರೆಯುವ ಸದ್ದು. ಅಜ್ಜನ ಕಣ್ಣು ತುಂಬಿ ಬಂದಿತ್ತು. "ಇಂಥದ್ದನ್ನ ಐವತ್ತು ವರ್ಷದಲ್ಲಿ ಕೇಳಿಲ್ಲ. ಇನ್ನು ನಾರ್ವೆ ಯಾಕೆ ಬೇಕು ಹೇಳು" ಎಂದು ಪಿಸುಗುಟ್ಟಿದ. ನಿಜಕ್ಕೂ ಬೇಡವಾದವನು ಅದನ್ನು ಹಾಗೆ ಹೇಳುವುದಿಲ್ಲ.

ಒಂದು ಗಂಟೆ ಇಬ್ಬರೂ ಹೀಗೆ ಒಬ್ಬರನ್ನೊಬ್ಬರು ಕರೆದುಕೊಂಡರು. ಕೊನೆಗೆ ಹತ್ತು ಹೆಜ್ಜೆ ದೂರದ ಪೊದೆಯಲ್ಲಿ ಹದಿನಾರು ಕವಲಿನ ಯಜಮಾನ ಎರಡು ಸಲ ಸೀನಿ, "ಥೂ, ದರಿದ್ರ ನೆಗಡಿ!" ಎಂದಿತು.

ಮಂಜಿನೊಳಗಿಂದ ಸ್ಪಿರಿದೋನ್ ಎದ್ದು ನಿಂತ. ಒಂದು ಕೈಯಲ್ಲಿ ಎತ್ತಿನ ಕೊಂಬು, ಇನ್ನೊಂದರಲ್ಲಿ ಚೀಟಿ.

ಅಜ್ಜ ತಿರುಗಿ ಹೊರಟೇಬಿಡುತ್ತಾನೆಂದು ಹೆದರಿ ನಾನು ಅವನ ಕೋಟಿನ ಬೆನ್ನುಪಟ್ಟಿ ಹಿಡಿದುಕೊಂಡೆ. ಏನಾದರೂ ಮಾತು ಶುರುವಾಗಲಿ ಎಂದು, ಅಜ್ಜ ಬರೆಸಿದ್ದ ಚೀಟಿಯನ್ನು ಜೋರಾಗಿ ಓದಿದೆ: "ಒಂದು ಗಂಡು. ಹನ್ನೆರಡು ವರ್ಷ. ಭಾರೀ ಮೈಕಟ್ಟು. ಘನವಾದ ದನಿ."

ಸ್ಪಿರಿದೋನನ ಮೀಸೆ ಅಲುಗಿತು. "ನಾನಾ?"

"ನಿಮ್ಮ ಚೀಟಿ ಕೊಡಿ ತಾತ." ಅವನು ಕೊಡಲೋ ಬೇಡವೋ ಎನ್ನುವಂತೆ ಕೊಟ್ಟ. ಓದಿದೆ: "ಒಂದು ಗಂಡು. ತೀರಾ ಮುದಿ. ದನಿ ಒಡೆದಿದೆ. ಈ ಚಳಿಗಾಲ ದಾಟುವುದು ಅನುಮಾನ."

"ಅನುಮಾನವಾ!" ಅಜ್ಜ ಸರಕ್ಕನೆ ಅವನತ್ತ ತಿರುಗಿದ. "ನಾನು ಚಳಿಗಾಲ ದಾಟಲ್ವೇನೋ?"

"ದನಿ ಕೇಳಿ ಬರೆದದ್ದು ಕಣೋ. ಮುಖ ನೋಡಿರಲಿಲ್ಲ."

"ನೋಡಿದ್ರೆ?"

"ನೋಡಿದ್ರೆ ಅನುಮಾನ ಅನ್ನೋ ಮಾತು ಬರೀತಿರಲಿಲ್ಲ. ಖಂಡಿತ ದಾಟಲ್ಲ."

ಅಜ್ಜನಿಗೆ ನಗು ಬಂತು. ತಡೆಯಲು ನೋಡಿದ, ಆಗಲಿಲ್ಲ. ಆದರೆ ನಗು ನಿಂತ ಮೇಲೆ ಮುಖ ಮೊದಲಿನಂತೆಯೇ ಬಿಗಿಯಿತು. "ಏನು ಹೊಡೆದೆ ಅಲ್ಲಿ?" ಎಂದು ಕೇಳಿದ. ಎಲ್ಲಿ ಎಂದು ಹೇಳಬೇಕಾಗಿರಲಿಲ್ಲ.

ಸ್ಪಿರಿದೋನ್ ಬಿದ್ದ ಮರವೊಂದರ ಮೇಲೆ ಕುಳಿತ. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. "ವಾಂತಿ ಮಾಡ್ದೆ" ಅಂದ.

"ಏನು?"

"ಎತ್ತರ ಹಿಡಿಸಲಿಲ್ಲ ಗವ್ರೀಲ್. ಒಂಬತ್ತು ದಿನ ಡೇರೆಯಲ್ಲಿ ಬಕೆಟ್ ತಬ್ಬಿಕೊಂಡು ಬಿದ್ದಿದ್ದೆ. ಹತ್ತನೇ ದಿನ ಕುದುರೆ ಮೇಲೆ ಕಟ್ಟಿ ಇಳಿಸಿದ್ರು. ಇಡೀ ತಿಯೆನ್ ಶಾನ್‌ನಲ್ಲಿ ನಾನು ಕಂಡದ್ದು ಮುಂದಿನ ಕುದುರೆಯ ಹಿಂಭಾಗ ಒಂದೇ."

"ಕಾಡುಕುರಿ?"

"ಅದರ ಹಿಕ್ಕೆ ಕೂಡ ಕಾಣಲಿಲ್ಲ ಮಾರಾಯ. ನಿನಗೆ ಹೇಳಿ ನಕ್ಕುಬಿಡೋಣ ಅಂತ ನಿನ್ನ ಗೇಟಿಗೆ ಬಂದೆ. ನೀನು ಬಾಗಿಲು ತೆಗೀಲಿಲ್ಲ. ಬೇರೆಯವರಿಗೆ ಹೇಳೋ ಕಥೆಯಾ ಇದು? ಮೊದಲು ನಿನಗೆ ಹೇಳಬೇಕಿತ್ತು." ಅವನು ಟೋಪಿಯ ಅಂಚನ್ನು ತಿರುವುತ್ತಲೇ ಇದ್ದ. "ನಿನ್ನ ಬಿಟ್ಟು ಹೋಗಬಾರದಿತ್ತು. ಅದೂ ತಪ್ಪೇ."

ಹನ್ನೆರಡು ವರ್ಷ ಅಜ್ಜ ಯಾವ ಬಂಡೆಯ ಮೇಲೆ ಯಾವ ಕುರಿಯನ್ನು ಕಲ್ಪಿಸಿಕೊಂಡು ಹೊಟ್ಟೆ ಉರಿಸಿಕೊಂಡಿದ್ದನೋ, ಆ ಕುರಿಗಳೆಲ್ಲ ಒಂದೊಂದಾಗಿ ಮಂಜಿನಲ್ಲಿ ಕರಗಿಹೋಗುವುದು ನನಗೆ ಕಂಡಂತಾಯಿತು. ಅವನು ಹೋಗಿ ಮರದ ದಿಮ್ಮಿಯ ಇನ್ನೊಂದು ತುದಿಯಲ್ಲಿ ಕುಳಿತ. ಚೀಲದಿಂದ ರೊಟ್ಟಿಯನ್ನೂ ಹಂದಿಕೊಬ್ಬನ್ನೂ ತೆಗೆದು, ಚಾಕುವಿನಿಂದ ತೆಳ್ಳಗೆ ಕೊಯ್ದು, ಮೊದಲ ತುಂಡನ್ನು ಚಾಕುವಿನ ತುದಿಯಲ್ಲೇ ಸ್ಪಿರಿದೋನನತ್ತ ಚಾಚಿದ.

"ಅಕ್ಟೋಬರ್ ಇಪ್ಪತ್ತಕ್ಕೆ ಏನು ಕೆಲಸ ಇದೆ ನಿನಗೆ?"

"ಹುಲ್ಲು ಒಳಗೆ ಹಾಕಿ ಆಯ್ತು. ಯಾಕೆ?"

"ನಾರ್ವೆ. ಮೂಸ್."

ಸ್ಪಿರಿದೋನ್ ಅಗಿಯುವುದನ್ನು ನಿಲ್ಲಿಸಿದ. ತೀರಾ ಮೆಲ್ಲಗೆ, "ಎತ್ತರದ ಜಾಗವಾ?" ಎಂದು ಕೇಳಿದ.

"ಜೌಗು ಕಣೋ. ಎಲ್ಲ ಸಮತಟ್ಟು."

"ಹಾಗಾದ್ರೆ ಬರ್ತೀನಿ."

ಸೂರ್ಯ ಮೇಲೆ ಬಂದು ಮಂಜು ಬಿಚ್ಚಿಕೊಂಡಾಗ ಮೂವರೂ ಬೆಟ್ಟ ಇಳಿಯತೊಡಗಿದೆವು. ಅವರಿಬ್ಬರೂ ಮುಂದೆ, ಒಬ್ಬರ ಹೆಗಲು ಇನ್ನೊಬ್ಬರಿಗೆ ತಾಗುತ್ತ. ಮೂಸನ್ನು ಹೇಗೆ ಕರೆಯಬೇಕು ಎಂಬ ಚರ್ಚೆ ಎದ್ದಿತ್ತು. ಅದಕ್ಕೆ ಗಂಡಿನ ಗುಟುರು ನಡೆಯುವುದಿಲ್ಲ, ಮೂಗು ಹಿಡಿದು ಹೆಣ್ಣಿನ ಹಾಗೆ ನರಳಬೇಕು ಎಂದ ಅಜ್ಜ.

"ಹೆಣ್ಣಿನ ಹಾಗಾ? ಅದು ನಿನ್ನ ಕೆಲಸ. ನಿನ್ನ ದನಿ ಹೇಗೂ ಒಡೆದಿದೆ."

"ಕರೆಯೋನು ನೀನು, ಗುರಿ ಇಡೋನು ನಾನು. ಮಾತು ಹಾಗೇ ಆಗಿದ್ದು."

ಸ್ಪಿರಿದೋನ್ ನಿಂತ. ನಾನು ನೋಡುತ್ತಿಲ್ಲ ತಾನೆ ಎಂದು ಒಮ್ಮೆ ಹಿಂದೆ ತಿರುಗಿದ; ನಾನು ಬೂಟಿನ ದಾರ ಕಟ್ಟುವಂತೆ ಬಗ್ಗಿದೆ. ಅವನು ಮೂಗು ಹಿಡಿದುಕೊಂಡು, ಕಣ್ಣು ಮುಚ್ಚಿ, ಉದ್ದಕ್ಕೆ, ನಾಚುತ್ತ ನರಳಿದ.

"ಇದಕ್ಕೆ ಯಾವ ಗಂಡು ಬರುತ್ತೋ" ಎಂದ ಅಜ್ಜ. "ಇನ್ನೂ ಸ್ವಲ್ಪ ಆಸೆ ಇಟ್ಟು ಕರಿ."