ನಲವತ್ತೆರಡು ಇಂಚು

ನನ್ನ ಗಂಡನ ಹೆಸರು ನಾರ್ಬರ್ಟ್. ಊರಿನಲ್ಲಿ ಆ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, ಎಲ್ಲರಿಗೂ ಅವನು ಮುಕ್ಕಾಲು. ಹನ್ನೊಂದು ವರ್ಷದ ಹಿಂದೆ ನಮ್ಮ ಟ್ಯಾಮರಾಕ್ ಸರೋವರದಲ್ಲಿ ಅವನು ಹಿಡಿದ ಮಸ್ಕಿ ಮೀನು ಅಳತೆಯ ಪಟ್ಟಿಯ ಮೇಲೆ ನಲವತ್ತೊಂಬತ್ತೂ ಮುಕ್ಕಾಲು ಇಂಚು ಬಂತು. ಟ್ರೂಡಿಯ ಬಾರಿನಲ್ಲಿ ಬಾಟಲಿಗಳ ಸಾಲಿನ ಮೇಲೆ ಒಂದು ಪೈನ್ ಹಲಗೆಯಿದೆ. ಐವತ್ತು ಇಂಚು ಮುಟ್ಟಿದ ಮಸ್ಕಿ ಹಿಡಿದವರ ಹೆಸರನ್ನು ಅದರಲ್ಲಿ ಕೊರೆಯುತ್ತಾರೆ. ಮೀನಿನ ಬಾಲದ ಎರಡು ತುದಿಗಳನ್ನು ಒತ್ತಿ ಹಿಡಿದರೆ ಅರ್ಧ ಇಂಚು ಉದ್ದ ಬರುತ್ತದೆ. ಹಲಗೆಯ ಮೇಲಿರುವ ಅರ್ಧ ಜನ ಹಾಗೆ ಒತ್ತಿಯೇ ಮೇಲೆ ಹತ್ತಿದವರು ಎಂಬುದು ಎಲ್ಲರಿಗೂ ಗೊತ್ತು. ಆ ದಿನ ದೋಣಿಯಲ್ಲಿ ಜೊತೆಗಿದ್ದವನು ಬೋರ್‌ವೆಲ್ ಕೊರೆಯುವ ಕ್ಲೇಟನ್. "ಬಾಲ ಹಿಂಡೋ, ಯಾರು ನೋಡ್ತಾರೆ" ಅಂದನಂತೆ. ನಾರ್ಬ್ ಹಿಂಡಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಬರೆದುಕೊಂಡು ಮೀನನ್ನು ನೀರಿಗೆ ಬಿಟ್ಟ. ಅವನಿಗೆ ಮುಕ್ಕಾಲು ಎಂದು ಹೆಸರಿಟ್ಟವನೂ ಅದೇ ಕ್ಲೇಟನ್.

ಅಂದಿನಿಂದ ಅವನಿಗೆ ಬೇಕಾಗಿದ್ದು ಒಂದೇ, ಐವತ್ತು. ಮನೆಯ ಮಾಡು ಸೋರಿದರೂ, ನನ್ನ ತಂಗಿಯ ಮಗಳ ಮದುವೆಯಿದ್ದರೂ ಅಕ್ಟೋಬರ್ ಎಂದರೆ ಅವನು ಸರೋವರದಲ್ಲಿ. ನಾನು ಬೈದು ಬೈದು ಸುಸ್ತಾಗಿ ಕೊನೆಗೆ ದೋಣಿಯ ಹಿಂದಿನ ಸೀಟಿನಲ್ಲಿ ಹೋಗಿ ಕೂತೆ.

ನಮ್ಮ ದೋಣಿಯಲ್ಲಿ ಒಂದು ಒಪ್ಪಂದವಿತ್ತು. ಮುಂದಿನ ಸೀಟು ಮಸ್ಕಿಗೆ, ಹಿಂದಿನದು ಬಾಸ್‌ಗೆ. ಬಾಸ್ ಬುದ್ಧಿಯಿರುವ ಮನುಷ್ಯರು ಹಿಡಿಯುವ ಮೀನು. ಗಾಳದ ಕೋಲು ಹಗುರ, ದಾರ ತೆಳು. ಬೆಳಿಗ್ಗೆ ಹತ್ತು ಸಲ ಎಸೆದರೆ ಒಂದಾದರೂ ಬಾಯಿ ಹಾಕುತ್ತದೆ, ಸಿಕ್ಕ ಕೂಡಲೇ ನೀರಿನಿಂದ ಎಗರಿ ತಲೆ ಕೊಡವುತ್ತದೆ, ನೋಡಿದವರಿಗೂ ನಗು ಬರುತ್ತದೆ. ಮಸ್ಕಿಯದು ಬೇರೆ ಕತೆ. ಮುಂಗೈಯಷ್ಟು ಉದ್ದದ, ಅರ್ಧ ಪೌಂಡ್ ತೂಗುವ ಮರದ ಹುಸಿಮೀನನ್ನು ದಿನಕ್ಕೆ ಮುನ್ನೂರು ಸಲ ಎಸೆಯಬೇಕು, ಮುನ್ನೂರು ಸಲ ಎಳೆದುಕೊಳ್ಳಬೇಕು. ಹೀಗೆ ವಾರಗಟ್ಟಲೆ ಎಸೆದರೂ ಏನೂ ಬರುವುದಿಲ್ಲ. ಬಂದರೂ ಕಚ್ಚದೆ ಹುಸಿಮೀನಿನ ಬೆನ್ನು ಹತ್ತಿ ದೋಣಿಯವರೆಗೆ ಬಂದು, ನಮ್ಮನ್ನೊಮ್ಮೆ ನೋಡಿ, ಹೋಗಿಬಿಡುತ್ತದೆ. ಅದಕ್ಕೇ ಮಸ್ಕಿಯವರು ಎಂಟು ಬರೆಯುತ್ತಾರೆ. ಹುಸಿಮೀನು ದೋಣಿಯ ಪಕ್ಕಕ್ಕೆ ಬಂದಾಗ ಮೇಲೆತ್ತದೆ, ಕೋಲಿನ ತುದಿಯನ್ನು ನೀರಿಗೆ ಅದ್ದಿ, ಅಡ್ಡ ಮಲಗಿಸಿದ 8ರ ಹಾಗೆ ದೊಡ್ಡದಾಗಿ ಎರಡು ಸಲ ತಿರುಗಿಸುತ್ತಾರೆ. ಕೆಳಗೆ ಮೀನು ಬಂದಿದ್ದರೆ ಆ ತಿರುವಿನಲ್ಲಿ ಬಾಯಿ ಹಾಕುತ್ತದೆ. ಬಂದಿದೆಯೋ ಇಲ್ಲವೋ ಯಾರಿಗೆ ಗೊತ್ತು? ಹಾಗಾಗಿ ಪ್ರತಿ ಸಲವೂ ಬರೆಯಲೇಬೇಕು. ಮಳೆ ಬರಲಿ, ಬೆರಳು ಮರಗಟ್ಟಲಿ, ನಾರ್ಬ್ ಎಂಟು ಬರೆಯದೆ ಹುಸಿಮೀನನ್ನು ಎತ್ತಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಅವನ ಭುಜವನ್ನು ತಿಂದದ್ದೂ ಆ ಎಂಟೇ. ಈ ಸೆಪ್ಟೆಂಬರ್‌ನಲ್ಲಿ ಡಾಕ್ಟರು ಫೋಟೋ ತೆಗೆಸಿ ನೋಡಿ, ಮಂಗಳವಾರ ಆಪರೇಷನ್ ಎಂದರು. ನಾರ್ಬ್ ಕೇಳಿದ್ದು ಒಂದೇ ಪ್ರಶ್ನೆ.

"ಆಮೇಲೆ ಮಸ್ಕಿಗೆ ಹೋಗ್ಬಹುದಾ?"

"ಹಗುರ ಕೋಲು ಹಿಡ್ಕೊಂಡು ಬಾಸ್‌ಗೆ ಹೋಗಿ, ಬೇಡ ಅನ್ನಲ್ಲ. ಆ ಮರದ ದಿಮ್ಮಿ ಎಸೆಯೋದು ಮಾತ್ರ ಇನ್ನು ಮರೆತುಬಿಡಿ," ಎಂದರು ಡಾಕ್ಟರು.

ಹೀಗಾಗಿ ಆ ಭಾನುವಾರ ಅವನ ಮಸ್ಕಿಯ ಕೊನೆಯ ದಿನವಾಯಿತು. ಬೆಳಿಗ್ಗೆ ಆರಕ್ಕೆ ದೋಣಿ ಇಳಿಸಿದೆವು. ನಾನು ಫ್ಲಾಸ್ಕಿನಲ್ಲಿ ಕಾಫಿ, ಲಿವರ್ ಸಾಸೇಜಿನ ಸ್ಯಾಂಡ್‌ವಿಚ್, ನಾಲ್ಕು ನೋವಿನ ಮಾತ್ರೆ ಇಟ್ಟುಕೊಂಡಿದ್ದೆ. ಮಧ್ಯಾಹ್ನದೊಳಗೆ ನಾಲ್ಕೂ ಮಾತ್ರೆ ಖಾಲಿ. ಎಸೆಯುವಾಗ ಅವನು ಹಲ್ಲು ಕಚ್ಚುತ್ತಿದ್ದ, ಎಂಟು ಬರೆಯುವಾಗ ಮುಖ ಬಿಳಿಚಿಕೊಳ್ಳುತ್ತಿತ್ತು.

"ಸಾಕು ಮಾಡೋ. ಮಂಗಳವಾರ ಆ ಡಾಕ್ಟರಿಗೂ ಕೆಲಸ ಮಾಡೋಕೆ ಏನಾದ್ರೂ ಉಳಿಸು," ಅಂದೆ.

"ನೀನು ನಿನ್ನ ಚಿಲ್ಲರೆ ಮೀನು ಹಿಡ್ಕೊಂಡು ಸುಮ್ನೆ ಕೂತ್ಕೊ."

"ಚಿಲ್ಲರೆನೇ ಇರ್ಲಿ, ನನ್ನ ಕೈಗಾದ್ರೂ ಸಿಗುತ್ತೆ. ನಿನ್ನ ನೋಟು ಎಲ್ಲಿದೆ ತೋರಿಸು ನೋಡೋಣ."

ನಕ್ಕ. ನಕ್ಕು ಮತ್ತೆ ಎಸೆದ.

ನಾಲ್ಕೂವರೆಯ ಹೊತ್ತಿಗೆ ನಾವು ಜೊಂಡಿನ ಮೂಲೆಯಲ್ಲಿದ್ದೆವು. ಗಾಳಿ ನಿಂತಿತ್ತು. ನನ್ನ ದಾರ ಒಮ್ಮೆ ತಟ್ಟನೆ ಬಿಗಿಯಿತು, ಕೋಲು ಬಾಗಿ ನೀರು ಮುಟ್ಟಿತು. ಆಳದಿಂದ ಒಂದು ಬಾಸ್ ಎದ್ದು ಬಂದು ನೀರಿನಿಂದ ಒಂದು ಗಜ ಮೇಲಕ್ಕೆ ಹಾರಿತು. ಅಷ್ಟು ದೊಡ್ಡ ಬಾಸ್ ನನ್ನ ದಾರಕ್ಕೆ ಯಾವತ್ತೂ ಬಂದಿರಲಿಲ್ಲ. ಅರವತ್ತೆರಡು ವರ್ಷದ ಹೆಂಗಸು ಚಿಕ್ಕ ಹುಡುಗಿಯ ಹಾಗೆ ಕಿರುಚಿದೆ.

"ನಾರ್ಬ್, ಬಲೆ! ಬಲೆ ತಗೊಳ್ಳೋ!"

ಅವನ ಹುಸಿಮೀನು ಆಗಷ್ಟೇ ದೋಣಿಯ ಪಕ್ಕಕ್ಕೆ ಬಂದಿತ್ತು. ಅವನು ತಿರುಗಿ ನನ್ನ ಮೀನನ್ನು ನೋಡಿದ. ನೋಡಿದವನು ಹುಸಿಮೀನನ್ನು ನೆಟ್ಟಗೆ ಮೇಲೆತ್ತಿ ಕೋಲನ್ನು ಕೆಳಗಿಟ್ಟು ಬಲೆಗೆ ಕೈ ಹಾಕಿದ. ಎಂಟು ಬರೆಯಲಿಲ್ಲ.

ಹುಸಿಮೀನು ನೀರು ಬಿಟ್ಟ ಜಾಗದಲ್ಲಿ, ಒಂದು ಗೇಣು ಕೆಳಗೆ, ಮಸ್ಕಿ ನಿಂತಿತ್ತು. ಅವನು ಆಗಲೇ ಅದಕ್ಕೆ ಬೆನ್ನು ಹಾಕಿದ್ದ. ಕಂಡದ್ದು ನನಗೊಬ್ಬಳಿಗೇ. ಹಸಿರು ಮೈ, ಅಗಲವಾದ ತಲೆ, ಎಡ ದವಡೆಯ ಮೇಲೆ ಒಂದು ಬಿಳಿ ಗೀರು. ಎರಡು ಎಣಿಸುವಷ್ಟು ಹೊತ್ತು ಅಲ್ಲೇ ನಿಂತಿತ್ತು, ಆಮೇಲೆ ಆಳಕ್ಕೆ ಇಳಿದು ಹೋಯಿತು.

ಇಲ್ಲೊಂದು ಮಾತು ಹೇಳಬೇಕು. ನಾನು ಮರದ ಮಿಲ್ಲಿನಲ್ಲಿ ಇಪ್ಪತ್ತಾರು ವರ್ಷ ಹಲಗೆ ವಿಂಗಡಿಸಿದವಳು. ಬೆಲ್ಟಿನ ಮೇಲೆ ಓಡುವ ಹಲಗೆಯ ಉದ್ದವನ್ನು ಕಣ್ಣಲ್ಲೇ ಹೇಳುವುದು ನನ್ನ ಕೆಲಸವಾಗಿತ್ತು, ಒಂದಿಂಚು ತಪ್ಪಿದರೆ ಮೇಸ್ತ್ರಿ ಬೈಯುತ್ತಿದ್ದ. ಆ ಮೀನು ಐವತ್ತೆರಡರ ಮೇಲಿತ್ತು.

ನಾರ್ಬ್ ನನ್ನ ಬಾಸನ್ನು ಬಲೆಗೆ ಎತ್ತಿದ. ಅವನೇ ಪಟ್ಟಿಯ ಮೇಲೆ ಮಲಗಿಸಿದ. ಬಾಲ ಹಿಂಡದೆ ಇಪ್ಪತ್ತೊಂದೂ ಕಾಲು. "ಲವಾನ್! ಇಪ್ಪತ್ತೊಂದೂ ಕಾಲು ಕಣೇ! ಇಡೀ ಸರೋವರದಲ್ಲಿ ಇಂಥದ್ದು ಇನ್ನೊಂದಿಲ್ಲ!" ಎಂದು ಕುಣಿದ. ದೋಣಿ ಅಲ್ಲಾಡಿತು. ಭುಜದ ನೋವು ಮರೆತು ನನ್ನನ್ನು ತಬ್ಬಿಕೊಂಡು, ಆಮೇಲೆ ಅಯ್ಯೋ ಎಂದು ಕೈ ಹಿಡಿದುಕೊಂಡ. ಅವನು ಅಷ್ಟು ಖುಷಿಯಾಗಿದ್ದನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಅದೂ ನನ್ನ ಮೀನಿಗೆ.

ಬಾಸನ್ನು ನೀರಿಗೆ ಬಿಟ್ಟೆವು. ಆಗ ನಾನು ಬಾಯಿಬಿಟ್ಟೆ. ಬೆನ್ನು ಹತ್ತಿದ ಮಸ್ಕಿಯನ್ನು ಯಾರು ಕಂಡರೂ ಹೇಳಲೇಬೇಕು, ಅದು ಇಲ್ಲಿನ ಎಲ್ಲ ದೋಣಿಗಳ ಕಟ್ಟಳೆ. ಬೆನ್ನು ಹತ್ತಿ ಬಂದದ್ದು ದೂರ ಹೋಗುವುದಿಲ್ಲ, ಒಂದು ಗಂಟೆ ಬಿಟ್ಟು ಅದೇ ಜಾಗಕ್ಕೆ ಎಸೆದರೆ ಎಷ್ಟೋ ಸಲ ಕಚ್ಚುತ್ತದೆ.

"ನೀನು ಬಲೆ ತಗೊಳ್ಳೋವಾಗ ಒಂದು ಬಂದಿತ್ತು," ಅಂದೆ. "ದವಡೆ ಮೇಲೆ ಬಿಳಿ ಗೀರಿತ್ತು."

ಅವನ ಮುಖದಲ್ಲಿದ್ದ ನಗು ಹಾಗೇ ನಿಂತಿತು. "ಎಷ್ಟಿತ್ತು?"

ಎಷ್ಟಿತ್ತು ಎಂಬುದು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಇವನು ಆ ಭುಜ ಕಿತ್ತು ಕೈಗೆ ಬರುವವರೆಗೂ ಎಸೆಯುತ್ತಾನೆ. ಮೀನು ಮತ್ತೆ ಬರದಿದ್ದರೆ, ಹೆಂಡತಿಯ ಬಾಸ್ ನೋಡಲು ತಿರುಗಿ ಎಂಟು ಬರೆಯಲು ಮರೆತೆ ಎಂದು ಬದುಕಿರುವವರೆಗೂ ಕೊರಗುತ್ತಾನೆ. ಇವೆಲ್ಲ ನಿಜವೇ. ಅವನ ಒಳ್ಳೆಯದಕ್ಕೇ ಉದ್ದ ಮುಚ್ಚಿಟ್ಟೆ ಎಂದು ನಾನು ಯಾರ ಮುಂದೆಯಾದರೂ ವಾದ ಮಾಡಬಲ್ಲೆ. ಆದರೆ ಇನ್ನೊಂದೂ ಇತ್ತು. ಇಷ್ಟು ವರ್ಷ ಅವನ ಮೀನಿನ ಹಿಂದೆ ಕೂತವಳು ನಾನು. ಆ ಒಂದು ದಿನ ನನ್ನ ಮೀನಿನದಾಗಿಯೇ ಮುಗಿಯಲಿ ಎಂದು ನನಗೆ ಆಸೆಯಾಯಿತು.

"ಎಷ್ಟು, ಒಂದು ನಲವತ್ತೆರಡು ಇರ್ಬಹುದು," ಅಂದೆ.

"ನಲವತ್ತೆರಡಾ?" ಅವನು ಉಸಿರು ಬಿಟ್ಟ. "ಥೂ, ನಾನು ಏನೋ ಅಂದ್ಕೊಂಡೆ. ಅದಕ್ಕೋಸ್ಕರ ಈ ಭುಜ ಯಾಕೆ ಹಾಳುಮಾಡ್ಕೊಳ್ಳೋದು? ನಡಿ ಹೋಗೋಣ. ನಿನ್ನ ಮೀನಿಗೆ ಎಲ್ಲರಿಗೂ ಒಂದೊಂದು ಬಿಯರ್ ಕೊಡಿಸ್ಬೇಕು."

ಕೋಲುಗಳನ್ನು ಕಟ್ಟಿ ಮೋಟಾರು ಚಾಲೂ ಮಾಡಿದ. ತಡೆಯಲು ನನಗೆ ಬೇಕಾದಷ್ಟು ಸಮಯವಿತ್ತು. ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಚೀಲಕ್ಕೆ ಹಾಕಿದೆ.

ಬಾರಿನಲ್ಲಿ ಟಿವಿಯ ಫುಟ್‌ಬಾಲ್ ಆಟ ಮುಗಿದು ಜನ ಗೆದ್ದ ಖುಷಿಯಲ್ಲಿದ್ದರು. ನಾರ್ಬ್ ನನ್ನ ಬಾಸಿನ ಕತೆಯನ್ನು ಮೂರು ಸಲ ಹೇಳಿದ. ಒಂದೊಂದು ಸಲವೂ ಅದು ಇನ್ನಷ್ಟು ಎತ್ತರ ಹಾರಿತು, ಉದ್ದ ಮಾತ್ರ ಇಪ್ಪತ್ತೊಂದೂ ಕಾಲಿನಲ್ಲೇ ನಿಂತಿತು. ಕ್ಲೇಟನ್ ಬೆಣ್ಣೆಯಲ್ಲಿ ಕರಿದ ಚೀಸ್ ತಿನ್ನುತ್ತ ಕೂತಿದ್ದ.

"ಹೆಂಡ್ತಿದಾಯ್ತು. ನಿಂದೇನೋ ಮುಕ್ಕಾಲು?"

"ಒಂದು ಬೆನ್ನು ಹತ್ತಿತ್ತು. ಜೊಂಡಿನ ಮೂಲೆ. ನಲವತ್ತೆರಡು."

"ಅಷ್ಟೇನಾ?"

"ಬೇಕಾದ್ರೆ ನೀನೇ ಹೋಗಿ ಹಿಡ್ಕೊ. ನಾನಂತೂ ಇನ್ನು ಹೋಗಲ್ಲ. ನಿನ್ನ ಯೋಗ್ಯತೆಗೆ ನಲವತ್ತೆರಡು ಧಾರಾಳ ಆಯ್ತು."

ಎಲ್ಲರೂ ನಕ್ಕರು. ಕ್ಲೇಟನ್ ಕೂಡ ನಕ್ಕ. ನಾನು ಬಿಯರ್ ಕುಡಿದೆ, ರುಚಿ ಹತ್ತಲಿಲ್ಲ.

ಸೋಮವಾರ ಮಧ್ಯಾಹ್ನ ನಾವಿಬ್ಬರೂ ಔಷಧಿ ಅಂಗಡಿಯಿಂದ ಬರುವಾಗ ಟ್ರೂಡಿಯ ಬಾರಿನ ಮುಂದೆ ಕ್ಲೇಟನ್‌ನ ಟ್ರಕ್ಕು ನಿಂತಿತ್ತು, ಹಿಂದೆ ಕಟ್ಟಿದ್ದ ದೋಣಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಹೋದೆವು. ಟ್ರೂಡಿ ಸ್ಟೂಲು ಹತ್ತಿ ಹಲಗೆಯ ಮೇಲೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತಿದ್ದಳು.

"ಐವತ್ತಮೂರು ಕಣೋ!" ಎಂದು ಕ್ಲೇಟನ್ ಕೂಗಿದ. "ನಾಲ್ಕನೇ ಎಸೆತ, ಎಂಟರ ಎರಡನೇ ತಿರುವು! ನಿನ್ನ ಜೊಂಡಿನ ಮೂಲೆನೇ. ಆ ನಲವತ್ತೆರಡು ಮಾತ್ರ ಎಲ್ಲೂ ಕಾಣ್ಲಿಲ್ಲ. ಇದೇ ಅದನ್ನ ನುಂಗಿರ್ಬೇಕು!" ತನ್ನ ಮಾತಿಗೆ ತಾನೇ ಬಿದ್ದು ಬಿದ್ದು ನಕ್ಕು, ಫೋನನ್ನು ನಾರ್ಬ್‌ನ ಕೈಗೆ ಕೊಟ್ಟ.

ನಾರ್ಬ್ ಫೋಟೋ ನೋಡಿದ. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದ. ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿ ಮೀನಿನ ತಲೆಯ ಹತ್ತಿರ ತಂದು ನಿಲ್ಲಿಸಿದ. ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ದವಡೆಯ ಮೇಲಿನ ಬಿಳಿ ಗೀರು ಚೆನ್ನಾಗಿ ಕಾಣುತ್ತಿತ್ತು.

ಅವನು ನನ್ನ ಕಡೆ ತಿರುಗಲಿಲ್ಲ. ಫೋನನ್ನು ಹಿಂದಕ್ಕೆ ಕೊಟ್ಟು, ಎಡಗೈಯಿಂದ ಕ್ಲೇಟನ್‌ನ ಕೈ ಕುಲುಕಿದ. "ಒಳ್ಳೆ ಮೀನು. ಬಾಲ ಹಿಂಡಿಲ್ಲ ತಾನೇ?"

"ಐವತ್ತಮೂರಕ್ಕೆ ಯಾರು ಹಿಂಡ್ತಾರೋ?"

"ಸರಿ ಹಾಗಾದ್ರೆ," ಎಂದ ನಾರ್ಬ್. ಟ್ರೂಡಿ ಕೊಟ್ಟ ಬಿಯರನ್ನು ಬೇಡ ಎಂದ, ಆಪರೇಷನ್‌ಗೆ ಮುಂಚೆ ಕುಡಿಯಬಾರದಂತೆ ಎಂದು ನಕ್ಕ.

ಮನೆಗೆ ಹೋಗುವಾಗ ಕಾರು ಓಡಿಸಿದ್ದು ನಾನು. ಸುಳ್ಳು ಹೇಳಿದ್ದು ಯಾಕೆ ಎಂದು ಕೇಳಿದರೆ ಏನು ಹೇಳಬೇಕೆಂದು ನಾನು ಒಳಗೊಳಗೇ ಜೋಡಿಸಿಕೊಳ್ಳುತ್ತಿದ್ದೆ. ಭುಜದ ಮಾತು ಮೊದಲು, ಕೊರಗಿನ ಮಾತು ಆಮೇಲೆ. ನನ್ನ ಬಾಸಿನ ಮಾತನ್ನು ಹೇಳಬೇಕೋ ಬೇಡವೋ ತಿಳಿಯಲಿಲ್ಲ. ಅವನು ಯಾಕೆ ಎಂದು ಕೇಳಲೇ ಇಲ್ಲ. ನಮ್ಮ ಮನೆಯ ತಿರುವು ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತಿದ್ದ.

"ನಿನ್ನೆ ನಾವು ಹೊರಟಾಗ ಇನ್ನೂ ಎರಡು ಗಂಟೆ ಬೆಳಕಿತ್ತು, ಲವಾನ್," ಅಂದ.

ನಾನು ಹೂಂ ಅಂದೆ.