ದಿನಾ ಎಣ್ಣಿ ಹೊಡೆಯುವ ಅಪ್ಪ

ಎಂಟು ವರ್ಷದ ಪ್ರಣತಿ ಯಾರನ್ನಾದರೂ ಹತ್ತು ನಿಮಿಷ ನೋಡಿದರೆ ಸಾಕು, ಹನ್ನೊಂದನೆಯ ನಿಮಿಷಕ್ಕೆ ಅವರೇ ಆಗಿಬಿಡುತ್ತಿದ್ದಳು. ಈ ಗುಣಕ್ಕೆ ಶಾಲೆಯಲ್ಲಿ ಬಹುಮಾನ ಬಂದಿತ್ತು. ಹೆಡ್‌ಮಾಸ್ತರರೇ ಆದ ದಿನ ಏಟೂ ಬಿದ್ದಿತ್ತು. ವಿಜಯಪುರದ ನ್ಯಾಯಾಲಯದಲ್ಲಿ ಮಾತ್ರ ಅದನ್ನು ಬರೆದುಕೊಂಡರು.

ಮೊಕದ್ದಮೆ ಸಣ್ಣದು. ತಂದೆ ಸಂಗನಬಸವ ತಿಕೋಟಾದಲ್ಲಿ ನಾಲ್ಕೆಕರೆ ದ್ರಾಕ್ಷಿ ಬೆಳೆಯುವವನು. ತಾಯಿ ಸೌಭಾಗ್ಯ ಬಬಲೇಶ್ವರದ ಮಗಳು, ಕಾಲೇಜೊಂದರ ಆಫೀಸಿನಲ್ಲಿ ಕ್ಲಾರ್ಕು. “ತಾಳಿ ನನಗ ಕಟ್ಟಿದ, ಸಂಸಾರ ದ್ರಾಕ್ಷಿ ಜೋಡಿ ಮಾಡಿದ” ಎಂದು ಆಕೆ ಮಗಳೊಂದಿಗೆ ಜೋರಾಪುರ ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದು ಒಂದೂವರೆ ವರ್ಷವಾಗಿತ್ತು. ಮಗಳು ತಾಯಿಯ ಬಳಿ ಇರುವುದಕ್ಕೆ ಸಂಗನಬಸವನ ತಕರಾರಿರಲಿಲ್ಲ. ಶನಿವಾರ, ರವಿವಾರ ತಿಕೋಟಾಕ್ಕೆ ಕಳಿಸಲಿ ಎಂದಷ್ಟೇ ಅವನ ಅರ್ಜಿ. ಹದಿನೈದು ದಿನಕ್ಕೊಮ್ಮೆ ಕೋರ್ಟಿನಲ್ಲೇ ಎರಡು ತಾಸು ನೋಡಲಿ, ಸಾಕು ಎಂದು ಅವಳ ಆಕ್ಷೇಪಣೆ.

ನ್ಯಾಯಾಧೀಶೆ ಮಂಡ್ಯದ ಕಡೆಯವರು, ಬಂದು ಇನ್ನೂ ಒಂದು ತಿಂಗಳು. ದೊಡ್ಡವರ ಮಾತು ಕೇಳುವ ಮೊದಲು ಮಗುವಿನ ಮಾತು ಕೇಳಬೇಕೆಂದು ಪ್ರಣತಿಯನ್ನು ತಮ್ಮ ಕೋಣೆಗೆ ಕರೆಸಿಕೊಂಡರು. ಚಾಕಲೇಟ್ ಕೊಟ್ಟರು.

“ಅಪ್ಪನ ಊರಿಗೆ ಹೋದಾಗ ಅಪ್ಪ ಏನ್ ಮಾಡ್ತಿರ್ತಾರೆ, ಪುಟ್ಟಾ?”

“ಎಣ್ಣಿ ಹೊಡೀತಿರ್ತಾನ್ರಿ.”

ಪೆನ್ನು ನಿಂತಿತು. “ಯಾವಾಗ್ಲೂನಾ?”

“ದಿನಾ ರಿ. ಮಳಿ ಬಂದ್ರ ಎರಡ ಸಲ.”

“ಆಮೇಲೆ?”

“ಆಮ್ಯಾಲ ಹಿಂಗ ಬರ್ತಾನ್ರಿ.” ಪ್ರಣತಿ ಎದ್ದು, ಭುಜ ಬಗ್ಗಿಸಿ, ಕಾಲು ಅಗಲಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊಯ್ದಾಡುತ್ತ ಮೇಜಿನಿಂದ ಕಪಾಟಿನವರೆಗೆ ಹೋದಳು. ಕಪಾಟು ಹಿಡಿದು ನಿಂತು ಏದುಸಿರು ಬಿಟ್ಟಳು. “ಕಣ್ಣ ಕೆಂಪಗ ಆಗಿರ್ತಾವ್ರಿ.”

“ಅಯ್ಯೋ ಕಂದಾ, ಭಯ ಆಗಲ್ವಾ?”

“ಎಣ್ಣಿಗೆ ಯಾಕ ಭಯಾರಿ?”

ಅನುಕರಣೆಯಲ್ಲಿ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ನಕಾಶೆಯಲ್ಲಿ. ತಿಕೋಟಾದಲ್ಲಿ ಎಣ್ಣಿ ಹೊಡೆಯುವುದೆಂದರೆ ಹದಿನಾರು ಲೀಟರಿನ ಡಬ್ಬಿ ಬೆನ್ನಿಗೆ ಹೊತ್ತು ಬೆಳೆಗೆ ಔಷಧ ಸಿಂಪಡಿಸುವುದು. ಮಂಡ್ಯದಲ್ಲಿ ಎಣ್ಣೆ ಹೊಡೆಯುವುದೆಂದರೆ ಕುಡಿಯುವುದು. ಎರಡೂ ಕನ್ನಡವೇ ಆದ್ದರಿಂದ ದುಭಾಷಿಯನ್ನು ಯಾರೂ ಕೇಳಲಿಲ್ಲ.

ಪ್ರಣತಿಯನ್ನು ಹೊರಗೆ ಕೂಡಿಸಿ ತಂದೆ ತಾಯಿಯನ್ನು ಒಳಗೆ ಕರೆದರು. ಸಂಗನಬಸವನ ವಕೀಲರು ಮೇಲಿನ ಮಹಡಿಯಲ್ಲಿ ಇನ್ನೊಂದು ಮೊಕದ್ದಮೆಯಲ್ಲಿದ್ದರು. “ಕೇಳಿದ್ದಕ್ಕ ಖರೇ ಖರೇ ಹೇಳಿಬಿಡು” ಎಂದು ಅವನಿಗೆ ಹೇಳಿಹೋಗಿದ್ದರು. ಅವನು ಹಾಗೆಯೇ ಮಾಡಿದ.

“ನೀವು ದಿನಾ ಎಣ್ಣೆ ಹೊಡೀತೀರಾ?”

“ಹೂಂ ರಿ. ಚಾಟ್ನಿ ಆದ ಮ್ಯಾಲ ದಿನಾ ಬೇಕ ಬೇಕ್ರಿ.”

“ಚಟ್ನಿ ಜೊತೆಗೆ?”

“ಜೋಡಿ ಅಲ್ರಿ. ಚಾಟ್ನಿ ಆದ ಮ್ಯಾಲ.”

“ಎಷ್ಟು ಹೊತ್ತಿಗೆ ಶುರು?”

“ಮುಂಜಾನಿ ಆರಕ್ಕ ರಿ. ಬಿಸಲ ಏರಿದ ಮ್ಯಾಲ ಹೊಡದ್ರ ಹತ್ತೂದಿಲ್ರಿ.”

“ಬಿಡಬೇಕು ಅಂತ ಅನ್ನಿಸ್ಲೇ ಇಲ್ವಾ?”

“ಬಿಟ್ರ ಎಲ್ಲಾ ಹಾಳಾಗಿ ಹೋಗ್ತೈತ್ರಿ ಮ್ಯಾಡಮ್ಮರ.”

“ಮಗು ಎದುರಿಗೇನಾ?”

“ಆಕಿನ ನೀರ ತಂದ ಕೊಡ್ತಾಳ್ರಿ” ಎಂದ ಸಂಗನಬಸವ, ಹೆಮ್ಮೆಯಿಂದ.

ನ್ಯಾಯಾಧೀಶೆ ಕನ್ನಡಕ ತೆಗೆದರು. ಆದೇಶ ಊಟದ ನಂತರ ಎಂದರು.

ಸೌಭಾಗ್ಯಳಿಗೆ ಎರಡನೆಯ ಪ್ರಶ್ನೆಗೇ ಅರ್ಥವಾಗಿತ್ತು. ಬೇವಿನ ಮರದ ಕೆಳಗೆ ಆಕೆಯ ವಕೀಲರಾದ ಪ್ರಲ್ಹಾದರಾಯರು ಊಟದ ಡಬ್ಬಿ ಬಿಚ್ಚುತ್ತ ಸಂತೋಷದಲ್ಲಿದ್ದರು.

“ತಂಗಿ, ಕೇಸ್ ಗೆದ್ದಂಗ.”

“ಅವರು ಕುಡಿಯೂದಿಲ್ರಿ ರಾಯರ.”

“ಕುಡೀತಾನ ಅಂತ ನೀ ಹೇಳಿಯೇನು? ನಾ ಹೇಳೇನೇನು? ಸುಮ್ಮ ಕೂಡೂದು ಯಾವ ಕಾಯ್ದೇದಾಗೂ ಸುಳ್ಳಲ್ಲ.”

“ನಮ್ಮಪ್ಪನೂ ಬಬಲೇಶ್ವರದಾಗ ಎಣ್ಣಿ ಹೊಡೀತಾನ್ರಿ. ಟ್ರ್ಯಾಕ್ಟರ್ ಮ್ಯಾಲ ಕುಂತು.”

“ಅವರನ್ನ ಯಾರೂ ಕೇಳಿಲ್ಲಲ್ಲ. ಚಪಾತಿ ತಗೋ.”

ಮರದ ಆಚೆ ಬದಿಗೆ ಸಂಗನಬಸವ ತಾಯಿ ಅಕ್ಕನಾಗಮ್ಮನಿಗೆ ಫೋನು ಹಚ್ಚಿದ್ದ. ತೋಟದಲ್ಲಿ ಕೂಗಿ ಕೂಗಿ ರೂಢಿಯಾದವನಿಗೆ ಗುಟ್ಟಿನ ಧ್ವನಿ ಇರಲಿಲ್ಲ. “ಯವ್ವಾ, ಮ್ಯಾಡಮ್ಮರು ಭಾಳ ಚೊಲೋ ಅದಾರ ಬೇ. ದ್ರಾಕ್ಷಿದು ಎಷ್ಟ ಕಾಳಜಿಲೆ ಕೇಳಿದ್ರು! ಶನಿವಾರ ಹುಡುಗಿ ಬರ್ತಾಳ, ಹೋಳಿಗಿ ಮಾಡು. ಎರಡ ಹೆಚ್ಚಿಗಿ ಮಾಡು.”

ಸೌಭಾಗ್ಯಳ ಚಪಾತಿ ಕೈಯಲ್ಲೇ ಉಳಿಯಿತು.

“ಮಮ್ಮಿ, ನಾ ಪಪ್ಪನ್ನ ಎಷ್ಟ ಛಂದ ಮಾಡಿ ತೋರಿಸೀನಿ ಗೊತ್ತೇನು?” ಎಂದು ಪ್ರಣತಿ ಮತ್ತೊಮ್ಮೆ ಹೊಯ್ದಾಡಿದಳು. “ಮ್ಯಾಡಮ್ಮರು ಹಿಂಗ ಅಂದ್ರು: ‘ಅಯ್ಯೋ ಕಂದಾ!’ ಯಾಕ ಅಂದ್ರು?”

ಊಟದ ನಂತರ ನ್ಯಾಯಾಧೀಶೆ ಆದೇಶ ಓದಲು ಬಾಯಿ ತೆರೆಯುವಷ್ಟರಲ್ಲಿ ಸೌಭಾಗ್ಯ ಎದ್ದು ನಿಂತಳು. ಪ್ರಲ್ಹಾದರಾಯರು ಕೆಮ್ಮಿದರು. ಅವಳು ಕೂಡಲಿಲ್ಲ. ಇನ್ನೊಮ್ಮೆ ಕೆಮ್ಮಿದರು, ಈ ಸಲ ಖರೇನೇ ಕೆಮ್ಮು ಹತ್ತಿ ಹೊರಗೆ ಹೋದರು.

“ಮ್ಯಾಡಮ್ಮರ, ಇವರು ಕುಡಿಯೂದಿಲ್ರಿ. ಬಣ್ಣದ ಸೋಡಾ ಕೊಟ್ರೂ ಮೊದಲ ಮೂಸಿ ನೋಡ್ತಾರ. ಎಣ್ಣಿ ಅಂದ್ರ ದ್ರಾಕ್ಷಿಗೆ ಹೊಡಿಯೂ ಔಷಧರಿ. ಚಾಟ್ನಿ ಅಂದ್ರ ಬಳ್ಳಿ ಕತ್ತರಿಸೂದು.”

ನ್ಯಾಯಾಧೀಶೆ ಬೆಂಚ್ ಕ್ಲಾರ್ಕಿನ ಮುಖ ನೋಡಿದರು. ಇದೇ ಜಿಲ್ಲೆಯ ಸಿಂದಗಿಯವನಾದ ಅವನು ಬೆಳಿಗ್ಗೆಯಿಂದ ಯಾರಾದರೂ ಕೇಳಲಿ ಎಂದು ಕಾದವನಂತೆ ತಲೆಯಾಡಿಸಿದ.

“ಆದ್ರೆ ಆ ನಡಿಗೆ?”

ಸೌಭಾಗ್ಯ ಪ್ರಣತಿಯನ್ನು ಒಳಗೆ ಕರೆದು, ಪುಸ್ತಕ ತುಂಬಿದ ಚೀಲವನ್ನು ಬೆನ್ನಿಗೆ ಹಾಕಿ, “ಈಗ ಮಾಡ” ಎಂದಳು. ಪ್ರಣತಿ ಅದೇ ಭುಜ ಬಗ್ಗಿಸಿ, ಅದೇ ಕಾಲು ಅಗಲಿಸಿ ಹೊಯ್ದಾಡುತ್ತ ನಡೆದಳು. ಎಡಗೈ ಪಂಪು ಒತ್ತುತ್ತಿತ್ತು, ಬಲಗೈ ಬಳ್ಳಿಯ ಕೆಳಗೆಲ್ಲ ಆಡುತ್ತಿತ್ತು, ಬಾಯಿ “ಸ್ಸ್ಸ್” ಎನ್ನುತ್ತಿತ್ತು. ನ್ಯಾಯಾಧೀಶೆ ಬರೆದದ್ದನ್ನು ಹೊಡೆದು ಹಾಕಿದರು. ಬೆಳಿಗ್ಗೆಯಿಂದ ತಾನು ಏನೇನು ಒಪ್ಪಿಕೊಂಡಿದ್ದೇನೆಂದು ಆಗ ಹೊಳೆದು ಸಂಗನಬಸವ ಗೋಡೆ ಹಿಡಿದ.

“ನನ್ನ ತಕರಾರ ಮುಗದಿಲ್ರಿ” ಎಂದಳು ಸೌಭಾಗ್ಯ. “ಕುಡಿಯೂದಿಲ್ಲ ಖರೆ, ಹೊಡಿಯೂದೂ ಖರೆ. ಹುಡುಗಿನ ಬಾಜೂಕ ನಿಂದ್ರಿಸಿಕೊಂಡು ಹೊಡೀತಾರ. ತಿಕೋಟಾದಿಂದ ಬಂದಾಗೊಮ್ಮೆ ಎರಡ ದಿನ ಕೆಮ್ಮತಾಳ.”

“ಮಾಸ್ಕ್ ಕಟ್ಟಿರ್ತೀನ್ರಿ” ಎಂದ ಸಂಗನಬಸವ.

“ಯಾರಿಗೆ?” ಎಂದರು ನ್ಯಾಯಾಧೀಶೆ.

“ನನಗ ರಿ.”

ನ್ಯಾಯಾಧೀಶೆ ಹೊಸ ಹಾಳೆ ತೆಗೆದುಕೊಂಡರು.

“ನೋಡಿ, ಇಲ್ಲಿ ಅಪ್ಪನ ಹಕ್ಕು ಎಷ್ಟು, ಅಮ್ಮನ ಹಕ್ಕು ಎಷ್ಟು ಅಂತ ನಾನು ತೂಗ್ತಾ ಇಲ್ಲ” ಎಂದರು ಅವರು. “ಮಗುಗೆ ಯಾವುದು ಒಳ್ಳೇದೋ ಅಷ್ಟೇ. ಅವಳಿಗೆ ಅಪ್ಪ ಬೇಕು. ಅಪ್ಪನ ಔಷಧಿ ಬೇಡ.”

ಆದೇಶ ಹೀಗಿತ್ತು: ಪ್ರತಿ ಶನಿವಾರ ಬೆಳಿಗ್ಗೆ ಹತ್ತರಿಂದ ರವಿವಾರ ಸಂಜೆ ಆರರವರೆಗೆ ಮಗು ತಂದೆಯ ಬಳಿ ಇರತಕ್ಕದ್ದು. ಆ ಅವಧಿಯಲ್ಲಿ ತಂದೆಯು ಎಣ್ಣೆ, ಎರಡೂ ಅರ್ಥದಲ್ಲಿ, ಹೊಡೆಯತಕ್ಕದ್ದಲ್ಲ. ತಪ್ಪಿದಲ್ಲಿ ಭೇಟಿ ಕೋರ್ಟಿನಲ್ಲೇ, ಎರಡು ತಾಸು.

ಮೊದಲ ಶನಿವಾರದ ಹಿಂದಿನ ಸಂಜೆಯೇ ಮಳೆ ಸುರಿಯಿತು. ಬೆಳಗಾದರೆ ತಿಕೋಟಾಕ್ಕೆ ತಿಕೋಟಾವೇ ಡಬ್ಬಿ ಹೊತ್ತು ತೋಟಕ್ಕಿಳಿಯಿತು. ಹತ್ತಕ್ಕೆ ಹತ್ತು ನಿಮಿಷವಿರುವಾಗ ಜೋರಾಪುರ ಪೇಟೆಯ ಬಾಗಿಲಲ್ಲಿ ಸಂಗನಬಸವ ಇಸ್ತ್ರಿ ಅಂಗಿಯಲ್ಲಿ ನಿಂತಿದ್ದ. ಸೌಭಾಗ್ಯ ಹತ್ತಿರ ಬಂದು ತೋಳು ಮೂಸಿದಳು. ಸಾಬೂನು.

“ಮಳಿ ಆಗೈತಿ. ಹೊಡದಿಲ್ಲ?”

“ಇಲ್ಲ.”

“ರೋಗ ಬಿದ್ರ?”

“ಸೋಮವಾರ ನೋಡೂಣು.”

ಒಂಬತ್ತು ವರ್ಷ ಅವನ ಸಂಸಾರ ಮಾಡಿದ್ದ ಸೌಭಾಗ್ಯ ದ್ರಾಕ್ಷಿಯ ವಿಷಯದಲ್ಲಿ ಈ ಮಾತನ್ನು ಅವನ ಬಾಯಲ್ಲಿ ಕೇಳಿರಲಿಲ್ಲ. “ರವಿವಾರ ಆರಕ್ಕ ಅಂದ್ರ ಆರಕ್ಕ” ಎಂದಷ್ಟೇ ಹೇಳಿ ಮಗಳ ಚೀಲ ತಂದು ಕೊಟ್ಟಳು.

ಪ್ರಣತಿ ಚೀಲ ಬೆನ್ನಿಗೇರಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊಯ್ದಾಡುತ್ತ ಬೈಕಿನ ಕಡೆಗೆ ನಡೆದಳು. ಹಿಂದೆ ಸಂಗನಬಸವನೂ ಹಾಗೆಯೇ ಹೊಯ್ದಾಡುತ್ತ ನಡೆದ. ಅವನ ಬೆನ್ನ ಮೇಲೆ ಮಾತ್ರ ಡಬ್ಬಿ ಇರಲಿಲ್ಲ.